ಮೊಮ್ಮಗಳ ಫೋನಿನಲ್ಲಿ ನಾನು ಒತ್ತಿದ ‘ಇಲ್ಲ’

ನನ್ನ ತಪ್ಪನ್ನು ಸಕಾಲದಲ್ಲಿ ತಿದ್ದಿಸಿದ ಭಗವಂತನಿಗೆ ಅನಂತ ಪ್ರಣಾಮಗಳು.

“ದನಿಗಳು ನಿಂತಿವೆಯಲ್ಲ, ಮಾತ್ರೆ ಕಡಿಮೆ ಮಾಡೋಣ,” ಎಂದರು ಮೈಸೂರಿನ ಮನೋವೈದ್ಯೆ.

“ಎಲ್ಲಿ ನಿಂತಿದೆ ಡಾಕ್ಟ್ರೇ, ದಿನಾ ಕೇಳತ್ತೆ,” ಎಂದಳು ಮೊಮ್ಮಗಳು.

ಯಾರೂ ಇಲ್ಲದಾಗಲೂ ಮಾತು ಕೇಳಿಸುವ ಕಾಯಿಲೆ ಅವಳಿಗೆ ಈಚೆಗೆ ಆರಂಭವಾಗಿದೆ. ಆಸ್ಪತ್ರೆಯವರು ಕೊಟ್ಟ ಆ್ಯಪ್ ನಿತ್ಯ ಬೆಳಿಗ್ಗೆ ‘ದನಿ ಕೇಳಿಸಿತೇ?’ ಎಂದು ವಿಚಾರಿಸುತ್ತದೆ; ಉತ್ತರ ನೇರವಾಗಿ ವೈದ್ಯೆಗೆ ತಲುಪುತ್ತದೆ. ಕಷ್ಟವಿದ್ದರೂ ಪತ್ರದಲ್ಲಿ ‘ಕ್ಷೇಮ’ ಎಂದೇ ಬರೆದು ಬೆಳೆದ ನಾನು, ಪೂಜೆ ಮುಗಿಸಿ, ಮಲಗಿರುತ್ತಿದ್ದ ಅವಳ ಬದಲು ‘ಇಲ್ಲ’ ಒತ್ತುತ್ತಿದ್ದೆ. ತಲೆತಗ್ಗಿಸಿ ಒಪ್ಪಿಕೊಂಡೆ.

“ಮೆದುಳಿನ ಸ್ಕ್ಯಾನಲ್ಲಿ ದನಿ ಕಾಣಲ್ಲ ತಾತ. ಇವಳು ಹೇಳಿದ್ರೇನೇ ನಮ್ಗೆ ಗೊತ್ತಾಗೋದು,” ಎಂದರು ವೈದ್ಯೆ.

“ನೀವು ಪಂಚಾಂಗ ನೋಡ್ಕೊಳ್ಳಿ ತಾತ, ಫೋನ್ ನಾನು ನೋಡ್ಕೋತೀನಿ,” ಎಂದು ಮೊಮ್ಮಗಳು ಬಹಳ ದಿನಗಳ ಮೇಲೆ ನಕ್ಕಳು.

ಮಾತ್ರೆ ಇಳಿಸಲಿಲ್ಲ. ಈಗ ಅವಳೇ ‘ಹೌದು’ ಒತ್ತುತ್ತಾಳೆ. ನಾನು ಪಕ್ಕದಲ್ಲಿ ಕುಳಿತಿರುತ್ತೇನೆ. ಗದರದೆ ತಿಳಿಹೇಳಿದ ಆ ತಾಯಿಗೂ, ನಿಜ ನುಡಿದ ಈ ಮಗುವಿಗೂ ಸಕಲ ಸನ್ಮಂಗಳವಾಗಲಿ.