ದೃಷ್ಟಿ ಎಂದುಕೊಂಡ ಆಕಳಿಕೆ

ಮೊದಲು ಬಂದದ್ದು ಆಕಳಿಕೆ.

ಜ್ವರವಿಲ್ಲ, ಕೆಮ್ಮಿಲ್ಲ. ಒಂದರ ಬೆನ್ನಿಗೆ ಇನ್ನೊಂದು ಆಕಳಿಕೆ, ದವಡೆ ಕಿತ್ತುಬರುವ ಹಾಗೆ. ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಬೇಸಿಗೆಯಲ್ಲೂ ತೋಳಿನ ರೋಮವೆಲ್ಲ ಎದ್ದು ನಿಂತಿತ್ತು. ನನ್ನ ಗಂಡ ಮುನಿರಾಜು ಜಗಲಿಯ ಮೇಲೆ ಮುದುರಿ ಕೂತಿದ್ದರು. ನಮ್ಮ ಅತ್ತೆ ಒಮ್ಮೆ ನೋಡಿದರು, ಅಷ್ಟೇ. ಡಾಕ್ಟರು ಬೇಕಾಗಲಿಲ್ಲ.

"ದಿಷ್ಟಿ ಆಗೈತೆ. ಊರಿಗಾಂ ಲೈನಾಗೆ ಯಾವಳ್ ಕಣ್ ಬಿತ್ತೋ ನನ್ ಮಗನ್ ಮ್ಯಾಲೆ."

ಬಂಗಾರಪೇಟೆ ಪಕ್ಕದ ನಮ್ಮ ಹಳ್ಳಿಯಿಂದ ಗಣಿ ಕಾರ್ಮಿಕರ ಊರಿಗಾಂ ಲೈನ್ ಮನೆಗಳಿಗೆ ಅವರು ದಿನಾ ಬೈಕಿನಲ್ಲಿ ಹಾಲು ಹಾಕುತ್ತಿದ್ದರು. ಒಮ್ಮೆ ಕ್ಯಾನು ಸಮೇತ ಬಿದ್ದು ಸೊಂಟಕ್ಕೆ ಏಟಾಗಿತ್ತು. ಯಾರೋ ನೋವಿನ ಮಾತ್ರೆ ಕೊಟ್ಟರು, ವಾಸಿಯಾಯಿತು ಎಂದರು. ನಾವೂ ನಂಬಿದೆವು.

ಅತ್ತೆ ಉಪ್ಪು, ಒಣಮೆಣಸಿನಕಾಯಿ, ಪೊರಕೆ ಕಡ್ಡಿ ಸೇರಿಸಿ ಮಗನಿಗೆ ನಿವಾಳಿಸಿ ಒಲೆಗೆ ಹಾಕಿದರು. ಘಾಟೇ ಬರಲಿಲ್ಲ, ಅಂಥಾ ಕೆಟ್ಟ ದೃಷ್ಟಿ ಎಂದು ಅವರೇ ಹೇಳಿಕೊಂಡರು. ನಾನು ಪಕ್ಕದಲ್ಲಿ ಕೆಮ್ಮುತ್ತಲೇ ಇದ್ದೆ. ಮುನಿರಾಜು ಎದ್ದು ದನದ ಕೊಟ್ಟಿಗೆಗೆ ಹೋದರು. ತಿರುಗಿ ಬಂದಾಗ ಆಕಳಿಕೆ ಇಲ್ಲ, ನಡುಕ ಇಲ್ಲ, ಮುಖದಲ್ಲಿ ನಗು.

"ನೋಡ್ದೇನೆ ಶೋಭಾ? ಎಂಗ್ ಬಿಟ್ಟೋಯ್ತು!" ಎಂದರು ಅತ್ತೆ.

ತಿಂಗಳುಗಟ್ಟಲೆ ಇದೇ ನಡೆಯಿತು. ಅವರು ಆಕಳಿಸುವುದು, ಅತ್ತೆ ನಿವಾಳಿಸುವುದು, ಆಮೇಲೆ ಕೊಟ್ಟಿಗೆ, ಆಮೇಲೆ ನಗು. ಮೆಣಸಿನಕಾಯಿ ಸಾರಿಗಿಂತ ಒಲೆಗೇ ಹೆಚ್ಚು ಹೋಯಿತು. ಕೊಟ್ಟಿಗೆಯ ಗೂಡಿನಲ್ಲಿ ಸಿರಿಂಜುಗಳಿರುತ್ತಿದ್ದವು. ಹಸು ಕಟ್ಟಿದ ಮನೆಯಲ್ಲಿ ಸಿರಿಂಜು ಕಂಡು ಬೆಚ್ಚುವವರು ಯಾರು? ಹಸುವಿಗೆ ಇಂಜೆಕ್ಷನ್ ಹಾಕಿದ್ದಿರಬೇಕು ಎಂದು ನಾನೇ ಎಷ್ಟೋ ಸಲ ಗುಡಿಸಿ ತಿಪ್ಪೆಗೆ ಎಸೆದಿದ್ದೇನೆ.

ಹಸುವಿಗಲ್ಲ.

ಅವರಿಗೆ ಆ ನೋವಿನ ಮಾತ್ರೆ ಮಾರುತ್ತಿದ್ದವನನ್ನು ಪೊಲೀಸರು ಹಿಡಿದುಕೊಂಡು ಹೋದರು. ಮಾರನೆಯ ಬೆಳಿಗ್ಗೆ ನಾನು ಹಾಲು ಕರೆದು ಕ್ಯಾನಿಗೆ ಸುರಿಯುತ್ತಿದ್ದೆ. ಮುನಿರಾಜು ಬೆವರಿನಲ್ಲಿ ತೊಯ್ದು, ಹೊಟ್ಟೆ ಹಿಡಿದುಕೊಂಡು ಬಂದು ಬೈಕಿನ ಕೀ ಕೇಳಿದರು. ಕೀಯನ್ನು ನಾನು ಸೆರಗಿನಲ್ಲಿ ಗಂಟು ಹಾಕಿಕೊಂಡಿದ್ದೆ.

"ಇಂಥಾ ಮೈಯಾಗೆ ಎಲ್ಗೂ ಓಗ್ಬೇಡಿ," ಎಂದೆ.

ಕ್ಯಾನು ಎತ್ತಿ ನನ್ನ ಹಣೆಗೆ ಬೀಸಿದರು.

ಹಾಲು, ರಕ್ತ, ಸಗಣಿ ಎಲ್ಲ ಒಂದೇ ಕಡೆ ಹರಿಯಿತು. ನಾನು ಬಿದ್ದ ಮೇಲೂ ಒದ್ದರು. ಕರುವನ್ನೂ ಒದ್ದರು. ಆಮೇಲೆ ತಮ್ಮ ತಲೆಯನ್ನೇ ಕಂಬಕ್ಕೆ ಚಚ್ಚಿಕೊಳ್ಳತೊಡಗಿದರು. ಬಿಡಿಸಲು ಬಂದ ಪಕ್ಕದ ಮನೆಯ ಆನಂದನ ಕೈಯನ್ನು ಕಚ್ಚಿ ಮಾಂಸ ಕಿತ್ತರು. ಕೊನೆಗೆ ಹಸುವಿನ ಹಗ್ಗ ಬಿಚ್ಚಿ ಅವರನ್ನು ಕಟ್ಟಿ, ಆನಂದನ ಟೆಂಪೋದಲ್ಲಿ ಆಸ್ಪತ್ರೆಗೆ ಸಾಗಿಸಿದೆವು. ಹೊಡೆದವರು, ಹೊಡೆಸಿಕೊಂಡವಳು ಒಂದೇ ಗಾಡಿಯಲ್ಲಿ.

ಎಮರ್ಜೆನ್ಸಿಯಲ್ಲಿ ನನ್ನ ಹಣೆಗೆ ಸ್ಟಿಚ್ ಹಾಕುತ್ತಿದ್ದ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಜೊತೆಗೆ ಬಂದಿದ್ದ ಅತ್ತೆ ದೃಷ್ಟಿ ಎನ್ನುತ್ತಲೇ ಇದ್ದರು. ಡಾಕ್ಟರಮ್ಮ ಹೊಲಿಯುತ್ತಲೇ ಆಚೆ ಬೆಡ್ಡಿನಲ್ಲಿ ಆಕಳಿಸುತ್ತಿದ್ದ ನನ್ನ ಗಂಡನನ್ನು ನೋಡಿದರು. ಆಮೇಲೆ ಹೋಗಿ ಅವರ ಅಂಗಿಯ ತೋಳು ಮೇಲೆತ್ತಿದರು. ಮೊಣಕೈ ಒಳಗೆ ಸಾಲುಸಾಲು ಕಪ್ಪು ಚುಕ್ಕೆಗಳು. ನೋವಿನ ಮಾತ್ರೆಯನ್ನು ಕರಗಿಸಿ ನರಕ್ಕೆ ಚುಚ್ಚಿಕೊಳ್ಳುತ್ತಿದ್ದರು.

"ಇದು ದೃಷ್ಟಿ ಅಲ್ಲಮ್ಮ, ವಿತ್‌ಡ್ರಾವಲ್. ಚಟದ ಮಾತ್ರೆ ಸಿಗದೇ ಇದ್ದಾಗ ಮೈ ಹೀಗಾಡುತ್ತೆ," ಎಂದರು. ಮಾನಸಿಕ ವಿಭಾಗದ ಡಾಕ್ಟರಿಗೆ ಫೋನು ಮಾಡಿ ಬಂದರು. "ಇನ್ನೊಂದಿನ ಬನ್ನಿ ಅಂತ ಕಳ್ಸಿದ್ರೆ ಇವರು ಬರಲ್ಲ. ಇಲ್ಲೇ, ಈಗ್ಲೇ ಟ್ರೀಟ್‌ಮೆಂಟ್ ಶುರು ಮಾಡೋಣ. ನಾಲಿಗೆ ಕೆಳಗಿಡೋ ಔಷಧಿ, ಬ್ಯೂಪ್ರೆನಾರ್ಫಿನ್. ಆದ್ರೆ ಕೊನೇ ಸಲ ಮಾತ್ರೆ ಯಾವಾಗ ತಗೊಂಡ್ರು ಅಂತ ನಿಜ ಹೇಳ್ಬೇಕು."

"ನಿನ್ನೆ," ಎಂದರು ಮುನಿರಾಜು.

"ಆಮೇಲೆ ಏನೂ ಇಲ್ಲ ತಾನೆ?" ಮುನಿರಾಜು ಇಲ್ಲವೆಂದು ತಲೆಯಾಡಿಸಿದರು.

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನೆಲ ನೋಡುತ್ತಿದ್ದರು. ಅಳುತ್ತಿದ್ದಾರೆ ಎಂದುಕೊಂಡೆ.

ಔಷಧಿ ಕೊಟ್ಟರು. ಇನ್ನೇನು ಶಾಂತವಾಗುತ್ತಾರೆ ಎಂದು ಕಾಯುತ್ತಿದ್ದೆವು. ಆದದ್ದೇ ಬೇರೆ. ಇದ್ದಕ್ಕಿದ್ದಂತೆ ಮೈ ಬಿಲ್ಲಿನ ಹಾಗೆ ಬಾಗಿತು. ಹಾಸಿಗೆಯ ತುಂಬ ವಾಂತಿ, ಭೇದಿ. ಡ್ರಿಪ್ ಸ್ಟ್ಯಾಂಡ್ ಕಿತ್ತು ಸೆಕ್ಯುರಿಟಿಯವನ ಮೇಲೆ ಎಸೆದರು, ನರ್ಸಿನ ಜಡೆ ಹಿಡಿದು ಎಳೆದರು, ಎಲ್ಲರೂ ಸೇರಿ ಅದುಮಿದಾಗ "ಕೊಂದಾಕ್ರೋ ನನ್ನ" ಎಂದು ಕಿರುಚಿದರು. ಪಕ್ಕದ ಬೆಡ್ಡಿನ ಮುದುಕ ದೇವರ ಹೆಸರು ಹೇಳತೊಡಗಿದ.

ಸಾಯಲಿ ಎಂದುಕೊಂಡೆ.

ಹೌದು, ಅಂದುಕೊಂಡೆ. ಹಣೆಯ ಹೊಲಿಗೆ ಇನ್ನೂ ಸಿಡಿಯುತ್ತಿತ್ತು.

ಆಗ ಅತ್ತೆ ಡಾಕ್ಟರಮ್ಮನ ಕಾಲು ಹಿಡಿದರು. "ನಾನೇ ಕಣಮ್ಮಾ. ಅವ್ನ್ ಜೇಬಿನ್ ಮೂಲೇನಾಗೆ ಅವ್ನ್ಗೂ ಗೊತ್ತಿಲ್ದಂಗೆ ಒಂದ್ ಮಾತ್ರೆ ಉಳ್ದಿತ್ತು. ಮಾತ್ರೆ ಮಾತ್ರೆ ಅಂತ ಗೋಗರೀತಿದ್ದ, ಒಳೀಕ್ ಬರೋ ಮುಂಚೆ ವರಾಂಡದಾಗೆ ಬಾಯಿಗಾಕ್ಬಿಟ್ಟೆ. ಒದಿಯೋ ಅಸೂಗೆ ಮುಂದೆ ಇಂಡಿ ಇಡ್ದೆ ಎಂಗಮ್ಮ ಆಲ್ ಕರಿಯಾದು? ನಿಮ್ಮನ್ನೂ ಒದ್ದಾನು, ಸುಮ್ಕಿರ್ಲಿ ಅಂತ ಕೊಟ್ಟೆ."

ಡಾಕ್ಟರಮ್ಮ ಬೈಯಲಿಲ್ಲ. "ಆ ಮಾತ್ರೆ ಮೈಯಲ್ಲಿದ್ದಾಗ ಇದನ್ನ ಕೊಟ್ರೆ, ಇದು ಅದನ್ನ ಒಂದೇ ಏಟಿಗೆ ಕಿತ್ತು ಹಾಕುತ್ತೆ ಅಜ್ಜಿ. ಅದಕ್ಕೇ ಹೀಗಾಗಿದೆ. ಈಗ ಇದನ್ನೇ ಇನ್ನಷ್ಟು ಕೊಡ್ಬೇಕು."

"ಬ್ಯಾಡ! ಸತ್ತೋಯ್ತಾನೆ!" ಅತ್ತೆ ಮಗನ ಬಾಯಿಗೆ ಕೈ ಅಡ್ಡ ಹಿಡಿದರು.

ಕೊಟ್ಟದ್ದನ್ನು ಮುನಿರಾಜು ಡಾಕ್ಟರಮ್ಮನ ಮುಖಕ್ಕೇ ಉಗಿದರು. ನಾನು ಅತ್ತೆಯನ್ನು ಪಕ್ಕಕ್ಕೆ ತಳ್ಳಿದೆ. ಗಂಡನ ಗದ್ದ ಹಿಡಿದು, ಡಾಕ್ಟರಮ್ಮ ಕೊಟ್ಟ ಇನ್ನೊಂದನ್ನು ಬಾಯಿಗಿಟ್ಟೆ. ಮದುವೆಯಾದ ಮೇಲೆ ಮೊದಲ ಸಲ ಅವರನ್ನು ಏಕವಚನದಲ್ಲಿ ಮಾತಾಡಿಸಿದೆ.

"ನಾಲ್ಗೆ ಕೆಳಗಿಟ್ಕೊ. ಇನ್ನೊಂದ್ ಸಲ ಉಗುದ್ಯೋ, ಈಗ್ಲೇ ಮಾರಿಕುಪ್ಪಂ ಟ್ರೈನ್ ಅತ್ತಿ ನಮ್ಮಮ್ಮನ್ ಮನೆಗೆ ಓಯ್ತೀನಿ. ನಿನ್ ಹೆಣಕ್ಕೂ ಬರಲ್ಲ."

ನನ್ನ ಬೆರಳು ಕಚ್ಚಿದರು. ಆದರೆ ಔಷಧಿ ಉಗಿಯಲಿಲ್ಲ.

ಬೆರಳು ಹಾಗೇ ಬಿಟ್ಟುಕೊಂಡು ಕೂತೆ. ನೋವಿನಿಂದ ನನ್ನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಹಲ್ಲಿನ ಹಿಡಿತ ಸ್ವಲ್ಪ ಸ್ವಲ್ಪವೇ ಸಡಿಲವಾಯಿತು. ಮಧ್ಯಾಹ್ನ ಕಳೆಯುವ ಹೊತ್ತಿಗೆ ಬೆರಳು ಬಿಟ್ಟರು. ನನ್ನ ಹಣೆಯ ಬ್ಯಾಂಡೇಜು ನೋಡಿ, "ಏನಾಯ್ತೇ ಅದು?" ಎಂದರು. ಉತ್ತರ ಅವರಿಗೇ ನೆನಪಾಯಿತು, ಮುಖ ಗೋಡೆಗೆ ತಿರುಗಿಸಿಕೊಂಡು ಅತ್ತರು.

ಈಗ ಮನೆಯಲ್ಲಿದ್ದಾರೆ. ಔಷಧಿ ದಿನಾ ಇದೆ, ಎಷ್ಟು ಕಾಲವೋ ಗೊತ್ತಿಲ್ಲ. ಬಿಪಿ, ಶುಗರ್ ಮಾತ್ರೆಯ ಹಾಗೇ ಅಂದುಕೊಳ್ಳಿ ಎಂದಿದ್ದಾರೆ ಡಾಕ್ಟರಮ್ಮ. ಆ ತಾಯಿ ಚೆನ್ನಾಗಿರಲಿ. ಗಂಡನನ್ನು ಕ್ಷಮಿಸಿದ್ದೀಯಾ ಎಂದು ಊರವರು ಕೇಳುತ್ತಾರೆ. ಇಲ್ಲ. ಬದುಕಿದ್ದಾರೆ, ಸದ್ಯಕ್ಕೆ ಅಷ್ಟು ಸಾಕು. ಹಾಲಿನ ಕ್ಯಾನು ಅವರ ಕೈಗೆ ಸಿಗುವಂತೆ ನಾನು ಇನ್ನೂ ಇಡುವುದಿಲ್ಲ.

ಮೊನ್ನೆ ಉಂಡು ಕೂತಿದ್ದಾಗ ಮುನಿರಾಜು ಆಕಳಿಸಿದರು.

ನನ್ನ ಕೈಯ ತುತ್ತು ತಟ್ಟೆಗೆ ಬಿತ್ತು. ಅತ್ತೆ ಆಗಲೇ ಎದ್ದು ಡಬ್ಬಿಯಿಂದ ಮೆಣಸಿನಕಾಯಿ ತೆಗೆದು ಮುಷ್ಟಿಯಲ್ಲಿ ಹಿಡಿದಿದ್ದರು. ನಾನು ಗಂಡನ ತೋಳು ನೋಡಿದೆ, ರೋಮ ಎದ್ದಿರಲಿಲ್ಲ. ಮೂಗು ನೋಡಿದೆ; ಒಣಗಿತ್ತು.

"ಬೆಳಿಗ್ಗೆ ಔಸ್ದಿ ಇಟ್ಕಂಡ್ಯೇನ್ಲಾ?" ಅತ್ತೆ ಕೇಳಿದರು.

"ಇಟ್ಕಂಡೆ ಕಣವ್ವಾ. ಬರೀ ನಿದ್ದೆ ಬತ್ತೈತೆ."

ಅತ್ತೆ ಮೆಣಸಿನಕಾಯಿಯನ್ನು ತಿರುಗಿ ಡಬ್ಬಿಗೆ ಹಾಕಿ ಮುಚ್ಚಿದರು. ನಾನು ಚಾಪೆ ಹಾಸಿದೆ.