ಗಂಗಮ್ಮ ಹರಿಗೋಲು ತಿರುಗಿಸಿದ ಕಡೆ

ಹಗ್ಗ ಎಳೆದರೆ ಬರೀ ಹಗ್ಗವೇ ಮೇಲೆ ಬಂತು. ಅದನ್ನು ಸೊಂಟಕ್ಕೆ ಕಟ್ಟಿಕೊಂಡು ತುಂಗಭದ್ರೆಗೆ ಇಳಿದಿದ್ದ ಮುಳುಗುತಜ್ಞ ಇರಲಿಲ್ಲ. ಹಡಗಲಿ ಹತ್ತಿರ ನಾನು ಕೆಲಸ ಮಾಡುವ ಪಂಪ್‌ಹೌಸಿನ ಕೊಳವೆ ಬಾಯಿಗೆ ಸಿಕ್ಕಿದ್ದ ಕಸ ತೆಗೆಯಲು ಆತ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಇಳಿದಿದ್ದ. ಪಂಪ್ ನಿಲ್ಲಿಸಿಯೇ ಇತ್ತು. ನೀರು ಕೊಚ್ಚಿಕೊಂಡು ಹೋಗಿರಬೇಕೆಂದು ನಾವೆಲ್ಲ ದಡದಗುಂಟ ಕೆಳಗೆ ಓಡಿದೆವು.

ಮೀನು ಹಿಡಿಯುವ ಗಂಗಮ್ಮ ಮಾತ್ರ ಹರಿಗೋಲನ್ನು ಮೇಲಕ್ಕೆ ತಿರುಗಿಸಿದರು.

“ಯವ್ವಾ, ಅತ್ತಾಗ ಎಲ್ಲಿಗೆ ಹೊಂಟ್ರಿ?” ಎಂದು ಕೂಗಿದೆ.

“ಗ್ವಾಡಿ ಹತ್ರ ನೀರು ಹಿಂದಕ್ಕ ತಿರಗತೈತ್ರಿ. ಅಂವ ಅಲ್ಲೇ ಅದಾನ.”

ಕೊಳವೆ ಬಾಯಿಗಿಂತ ಮೇಲ್ಗಡೆ ನದಿಯೊಳಕ್ಕೆ ಚಾಚಿದ್ದ ಪಂಪ್‌ಹೌಸಿನ ಗೋಡೆಯ ಹಿಂದೆ ಗುಳ್ಳೆಗಳು ಏಳುತ್ತಿದ್ದವು. ಅರವತ್ತು ದಾಟಿದ ಆಕೆ ಸೀರೆ ಮೇಲಕ್ಕೆ ಕಟ್ಟಿ, ಚಾಕು ಹಿಡಿದು ಮುಳುಗಿದರು. ಅವನ ಕಾಲಿಗೆ ಸುತ್ತಿಕೊಂಡಿದ್ದ ಹಳೆಯ ಬಲೆಯನ್ನು ಕೊಯ್ದು, ಅವನನ್ನು ಜೀವಂತವಾಗಿ ಮೇಲೆ ತಂದರು. ಸಿಲಿಂಡರಿನಲ್ಲಿ ಇನ್ನೂ ಸ್ವಲ್ಪ ಗಾಳಿ ಉಳಿದಿತ್ತು. ಆತ ಕೈಮುಗಿದ.

“ಅದಿರಲೆಪ್ಪಾ, ಮೊದ್ಲು ನಿಮ್ಮವ್ವಗ ಫೋನ್ ಮಾಡು” ಎಂದರು ಗಂಗಮ್ಮ, ಸೆರಗು ಹಿಂಡಿಕೊಳ್ಳುತ್ತ.

ಆ ನದಿಯ ಮಟ್ಟವನ್ನು ವರ್ಷಗಳಿಂದ ದಿನವೂ ಬರೆದಿಡುವವನು ನಾನು. ನದಿ ನನಗೆ ಗೊತ್ತೆಂದುಕೊಂಡಿದ್ದೆ. ಈಗ ಯಾರನ್ನೇ ನೀರಿಗಿಳಿಸುವ ಮೊದಲು ಗಂಗಮ್ಮನವರನ್ನು ಕೇಳಿ ಬರುತ್ತೇನೆ.