ಅಮ್ಮನಿಗಾಗಿ ಸೋರ್ಸಿನಿಂದ ಕಟ್ಟಿದ್ದು

ನಾನು ಕಂಪ್ಯೂಟರಿನಲ್ಲಿ ವಿಂಡೋಸ್ ಬಿಟ್ಟು ಲಿನಕ್ಸ್ ಬಳಸುವವನು. ಯಾರೂ ಕೇಳದಿದ್ದರೂ ಇದನ್ನು ಹೇಳುವುದು ನಮ್ಮವರ ಲಕ್ಷಣ. ಇನ್ನೊಂದು ಲಕ್ಷಣವೆಂದರೆ, ತಯಾರಾಗಿ ಸಿಗುವ ತಂತ್ರಾಂಶ ನಮಗೆ ರುಚಿಸುವುದಿಲ್ಲ. ಬರೆದವರ ಮೂಲ ಸೋರ್ಸನ್ನೇ, ಅಂದರೆ ಅವರು ಬರೆದ ಕೋಡನ್ನೇ ಇಳಿಸಿಕೊಂಡು, ನಮ್ಮ ಲ್ಯಾಪ್‌ಟಾಪಿನಲ್ಲೇ ಕಂಪೈಲ್ ಮಾಡಿ ಕಟ್ಟಿಕೊಂಡು, ಆಮೇಲೆ ಬಳಸಬೇಕು. ಅಂಗಡಿಯಲ್ಲಿ ಚಟ್ನಿಪುಡಿ ಸಿಗುತ್ತಿರುವಾಗ ಮನೆಯಲ್ಲಿ ಶೇಂಗಾ ಹುರಿಯಲು ಕೂರುವವರ ಪೈಕಿ ನಾವು.

ಹೋದ ವಾರ ಅಮ್ಮನಿಗೆ ಇಲ್ಲೇ ಹೊಸಪೇಟೆಯಲ್ಲಿ ಕಣ್ಣಿನ ಪೊರೆ ತೆಗೆದರು. ಕೆಲವು ದಿನ ಓದಕೂಡದು ಎಂದರು ಡಾಕ್ಟರು. ಅಮ್ಮನೋ, ಪುರಾಣದ ಒಂದು ಅಧ್ಯಾಯ ಆಗದೆ ಬಾಯಿಗೆ ತುತ್ತು ಇಡುವವಳಲ್ಲ. ಸಕ್ಕರೆ ಕಾಯಿಲೆ ಬೇರೆ. ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ಕೈ ನಡುಗುತ್ತದೆ. ನನಗೆ ನಿಜಕ್ಕೂ ಭಯವಾಯಿತು. ಭಯವಾದಾಗ ಲಿನಕ್ಸಿನವನು ಮಾಡುವುದನ್ನೇ ಮಾಡಿದೆ. ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ ಹುಡುಕಿದೆ.

ತಯಾರಾಗಿ ಸಿಕ್ಕಿದ್ದನ್ನು ಹಾಕಿ ನೋಡಿದರೆ ಅದು ಅಂತರ್ಜಾಲದಲ್ಲಿ ಸಿಕ್ಕ ಪುರಾಣವನ್ನು ಬಸ್ ನಿಲ್ದಾಣದ ಪ್ರಕಟಣೆಯಂತೆ ಓದಿತು. ಸಂಡೂರಿನ ಗಣಿ ಕಚೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಗೆಳೆಯನಿಗೆ ಫೋನ್ ಮಾಡಿದೆ.

“ರೆಡಿಮೇಡ್ ಬ್ಯಾಡ್ರಿ ಸರ. ಹೊಸ ಸೋರ್ಸ್ ತಗೊಂಡು ನೀವ ಕಟ್ರಿ. ಕನ್ನಡ ಮಸ್ತ್ ಓದತೈತಿ,” ಎಂದ.

ಕಟ್ಟಲು ಕೂತೆ. ಅದು ಒಂದು ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಪೂರಕ ಕೋಡು ಬೇಕು ಎಂದಿತು. ಆ ಲೈಬ್ರರಿ ಇನ್ನೊಂದು ಬೇಕು ಎಂದಿತು. ಆ ಇನ್ನೊಂದು, ನಿನ್ನಲ್ಲಿರುವ ಮತ್ತೊಂದು ಹಳೆಯದಾಯಿತು ಎಂದಿತು. ಕಂಪ್ಲಿಗೆ ಹೊರಟವನನ್ನು ಮೊದಲು ಸಂಡೂರಿಗೆ ಕಳಿಸಿ, ಆಮೇಲೆ ದರೋಜಿಯಲ್ಲಿ ಇಳಿಸಿ, ಆಧಾರ್ ಕಾರ್ಡ್ ತಂದಿಲ್ಲವಲ್ಲ ಎಂದು ಕೇಳಿದ ಹಾಗೆ. ಕೊನೆಗೂ ಕಂಪೈಲ್ ಶುರುವಾಗಿ ಕಪ್ಪು ಪರದೆಯ ಮೇಲೆ ಅಕ್ಷರಗಳು ಸಾಲುಸಾಲಾಗಿ ಓಡತೊಡಗಿದವು. ಇದಕ್ಕಿಂತ ಚೆಂದದ ನೋಟ ನಮ್ಮವರಿಗೆ ಇನ್ನೊಂದಿಲ್ಲ. ಹಂಪಿ ಇಷ್ಟು ಹತ್ತಿರವಿದ್ದರೂ ನಾನು ಅಲ್ಲಿಗೆ ಹೋಗುವುದು ನೆಂಟರು ಬಂದಾಗ ಮಾತ್ರ.

ಅಡುಗೆಮನೆಯಲ್ಲಿ ಅನ್ನ ಆರುತ್ತಿತ್ತು. ಅಮ್ಮ ಕಪ್ಪು ಕನ್ನಡಕ ಹಾಕಿಕೊಂಡು, ನಡುಗುವ ಕೈಗಳನ್ನು ಮಡಿಲಲ್ಲಿ ಬಿಗಿಹಿಡಿದು ಕೂತಿದ್ದಳು.

“ಆತೇನೋ?”

“ಇನ್ನೊಂದು ಚೂರಮ್ಮ.”

ಹೆಂಡತಿ ಬಾಗಿಲಲ್ಲಿ ನಿಂತು ಪರದೆ ನೋಡಿದಳು. ಅತ್ತೆಯನ್ನು ನೋಡಿದಳು. ಮೇಜಿನ ಮೇಲಿದ್ದ ಪುರಾಣದ ಪುಸ್ತಕವನ್ನೂ ನೋಡಿದಳು.

“ನಿಮಗ ಓದ್ಲಿಕ್ಕೆ ಬರೂದಿಲ್ಲೇನ್ರಿ?” ಎಂದಳು.

ಕಾಲೇಜಿನಲ್ಲಿ ನನಗೆ ಸಂಬಳ ಕೊಡುವುದೇ ಹುಡುಗರಿಗೆ ಓದಿ ಹೇಳುವುದಕ್ಕೆ. ಪುಸ್ತಕ ಎತ್ತಿಕೊಂಡು ಅಮ್ಮನ ಪಕ್ಕ ಕೂತು ಓದಿದೆ. ಅಲ್ಲಲ್ಲಿ ತಡವರಿಸಿದೆ. ಅಮ್ಮ ತಿದ್ದಲಿಲ್ಲ, ತಲೆ ಸ್ವಲ್ಪ ನನ್ನ ಕಡೆ ವಾಲಿಸಿ ಕೇಳುತ್ತಾ ಕೂತಳು. ಅಧ್ಯಾಯ ಮುಗಿದ ಮೇಲೆ ಎದ್ದು ಹೊಟ್ಟೆ ತುಂಬ ಉಂಡಳು. ಕೈ ನಡುಕ ನಿಂತಿತು. ನನಗೆ ಎಷ್ಟು ಹಗುರವಾಯಿತೆಂದರೆ ಲ್ಯಾಪ್‌ಟಾಪಿನ ನೆನಪೇ ಹಾರಿತ್ತು. ಆಮೇಲೆ ಬಂದು ನೋಡಿದರೆ, ಒಂದು ತಪ್ಪೂ ಇಲ್ಲದೆ ಎಲ್ಲ ಕಟ್ಟಿ ಮುಗಿದಿತ್ತು.

“ತಯಾರಾತೇನೋ ಅದು?” ಎಂದು ಅಮ್ಮ ಒಳಗಿನಿಂದ ಕೇಳಿದಳು. ದನಿಯಲ್ಲಿ ಅಂಥ ಆತುರವೇನೂ ಇರಲಿಲ್ಲ.

“ಇಲ್ಲಮ್ಮ, ಭಾಳ ತೊಡಕದ. ನಾಳೆನೂ ನಾನ ಓದ್ತೀನಿ,” ಎಂದು ಲ್ಯಾಪ್‌ಟಾಪ್ ಮುಚ್ಚಿದೆ.